ಹಲ್ಲಕ್ಕ ತೊಳೆದ ಕಾರುಗಳು

ನನ್ನ ದೊಡ್ಡಮ್ಮನನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಾರೆ. ಅವಳ ಹಲ್ಲು ಉಬ್ಬಿದೆ ಎಂದಲ್ಲ. ಈ ವಯಸ್ಸಿನಲ್ಲೂ ಅದು ಜೋಡಿಸಿಟ್ಟ ಹಾಗಿದೆ. ಹರೆಯದಲ್ಲಿ ಸೇರಿಕೊಂಡು ತಲೆ ನರೆಯುವ ತನಕ ಅವಳು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು. ಕುರ್ಚಿಯ ಪಕ್ಕ ನಿಂತು ಕನ್ನಡಿ, ಚಿಮಟ, ಹತ್ತಿ ಎತ್ತಿಕೊಡುವುದು, ಬಾಯಲ್ಲಿ ತುಂಬಿದ ನೀರನ್ನು ಕೊಳವೆಯಿಂದ ಹೀರಿ ತೆಗೆಯುವುದು, ಹೆದರಿದವರ ಭುಜದ ಮೇಲೆ ಕೈಯಿಡುವುದು ಅವಳ ಕೆಲಸ. ನಮ್ಮ ಬೀದಿಯ ಅರ್ಧ ಜನ ಒಂದಲ್ಲ ಒಂದು ಸಲ ಅವಳ ಮುಂದೆ ಬಾಯಿ ತೆರೆದು ಮಲಗಿದವರೇ. ಹಾಗಾಗಿ ಅವಳೆದುರು ಯಾರೂ ಹೆಚ್ಚು ಜಂಬ ಕೊಚ್ಚುವುದಿಲ್ಲ.

ಡಾಕ್ಟರಿಗೆ ವಯಸ್ಸಾಗಿ ಕ್ಲಿನಿಕ್ಕು ಮುಚ್ಚಿದ ಮೇಲೆ ದೊಡ್ಡಮ್ಮ ನಾವೆಲ್ಲ ಒಟ್ಟಿಗಿದ್ದ ಮನೆಯಲ್ಲೇ ಉಳಿದಳು. ಕೈ ಮಾತ್ರ ಸುಮ್ಮನಿರಲು ಒಪ್ಪಲಿಲ್ಲ. ನಲ್ಲಿಯ ಬುಡ, ಕಿಟಕಿಯ ಸಂದು, ಸ್ವಿಚ್ಚುಗಳ ಅಂಚು ಎಲ್ಲವನ್ನೂ ಉಜ್ಜಿ ಮುಗಿಸಿದಳು. ಆಮೇಲೆ ದೊಡ್ಡಪ್ಪನ ಕನ್ನಡಕ, ವಾಚು, ಬಾಚಣಿಗೆ.

"ಇನ್ನು ನಾನೊಬ್ಬ ಉಳಿದಿದ್ದೀನಿ. ರಾತ್ರಿನೇ ನೆನೆಹಾಕಿಬಿಡು," ಅಂದರು ದೊಡ್ಡಪ್ಪ.

ದೊಡ್ಡಪ್ಪ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಮಾತಿನಲ್ಲೂ ತೂಕ ತಪ್ಪಿದವರಲ್ಲ. ಆದರೆ ಅವತ್ತು ಆ ಮಾತನ್ನು ಆಡಿದ್ದು ಅಂಗಳದಲ್ಲಿ ನಿಂತು, ಕಾರಿಗೆ ಒರಗಿಕೊಂಡು. ದೊಡ್ಡಮ್ಮನ ಕಣ್ಣು ಅವರನ್ನು ದಾಟಿ ಕಾರಿನ ಮೇಲೆ ಬಿತ್ತು. ಅದು ಕಡುನೀಲಿ ಬಣ್ಣದ ಕಾರು, ಆದರೆ ಹಾಗಂತ ಯಾರಾದರೂ ಹೇಳಬೇಕಿತ್ತು. ದೊಡ್ಡಪ್ಪ ಓಡಿಸುವುದರಲ್ಲಿ ನಿಸ್ಸೀಮರು. ತೊಳೆಯುವುದು ಅವರ ಪ್ರಕಾರ ಮಳೆಯ ಕೆಲಸ.

ಮೊದಲ ಸಲ ಆದದ್ದು ಅನಾಹುತವೇ. ದೊಡ್ಡಪ್ಪನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಪಾತ್ರೆ ತೊಳೆಯುವ ಸೋಪನ್ನು ಬಕೆಟ್ಟಿಗೆ ಸುರಿದು, ಒರಟು ಬಟ್ಟೆ ಹಿಡಿದು, ಸುಡುಬಿಸಿಲಿನಲ್ಲಿ ಅವಳು ಇಡೀ ಕಾರನ್ನು ತಿಕ್ಕಿದಳು. ಒದ್ದೆ ಇರುವಾಗ ಕಾರು ಮದುಮಗನ ಹಾಗಿತ್ತು. ಒಣಗಿದ ಮೇಲೆ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಸುತ್ತು ಗೀರು.

"ಪರವಾಗಿಲ್ಲ. ಯಾರೋ ಮೇಲೆ ಕುಣಿದ ಹಾಗಿದೆ ಅಷ್ಟೆ," ಅಂದರು ದೊಡ್ಡಪ್ಪ.

ದೊಡ್ಡಮ್ಮ ನಗಲಿಲ್ಲ. ಅದೇ ಅಂಗಿಯಲ್ಲಿ, ಕೈಯ ನೊರೆಯನ್ನೂ ಒರೆಸಿಕೊಳ್ಳದೆ ಬೀದಿಯ ತುದಿಯ ಗ್ಯಾರೇಜಿಗೆ ನಡೆದು, ಅಲ್ಲಿನ ಪೇಂಟರನ್ನು ಕರೆದುಕೊಂಡು ಬಂದಳು. ಅವನು ತಲೆ ಓರೆ ಮಾಡಿ, ಬಾನೆಟ್ಟಿನ ಮೇಲೆ ಬೆಳಕು ಬೀಳುವ ಕಡೆಯಿಂದ ನೋಡಿದ.

"ಬಟ್ಟೆದೊಂದೇ ತಪ್ಪಲ್ಲ ಅಕ್ಕ. ಮೇಲೆ ಧೂಳು ಕೂತಿತ್ತಲ್ಲ, ಅದು ಬಟ್ಟೆಗೆ ಅಂಟ್ಕೊಳ್ತು. ಅದೇ ಬಟ್ಟೇನ ಬಕೆಟ್ಟಲ್ಲಿ ಅದ್ದಿ ಮತ್ತೆ ಉಜ್ಜಿದ್ರಿ. ಬಕೆಟ್ಟಿನ ನೀರೂ ಮರಳು, ಬಟ್ಟೇನೂ ಮರಳು."

ದೊಡ್ಡಮ್ಮನ ಮುಖ ಸಣ್ಣದಾಯಿತು. "ಒಬ್ಬರ ಬಾಯಲ್ಲಿ ಇಟ್ಟಿದ್ದನ್ನ ತೊಳೀದೆ ಇನ್ನೊಬ್ಬರ ಬಾಯಿಗೆ ಇಡಬಾರದು ಅಂತ ಜೀವಮಾನ ಎಲ್ಲ ಪಾಲಿಸ್ಕೊಂಡು ಬಂದೆ. ಇಲ್ಲಿ ಅದನ್ನೇ ಮಾಡಿಬಿಟ್ನಲ್ಲಪ್ಪ."

ಅಲ್ಲಿಂದ ಮುಂದೆ ಎರಡು ಬಕೆಟ್ಟು ಬಂದವು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಂಥ ಮೆತ್ತನೆ ಬಟ್ಟೆಯಿಂದ ಒಂದು ಬಾಗಿಲು ಒರೆಸಿದರೆ ಮೊದಲು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಸೋಪಿಗೆ ಅದ್ದುವುದು. ಮೇಲಿನಿಂದ ಕೆಳಕ್ಕೆ. ಚಕ್ರಗಳಿಗೆ ಬೇರೆ ಬಕೆಟ್ಟು, ಬೇರೆ ಬ್ರಶ್ಶು. ಅವು ಈ ಕಡೆ ಸುಳಿಯುವಂತಿಲ್ಲ. ಬಿಸಿಲೇರುವ ಮುಂಚೆ, ಗೋಡೆಯ ನೆರಳು ಅಂಗಳದಲ್ಲಿರುವಾಗಲೇ ಕೆಲಸ. ಒರೆಸುವಾಗ ಉಜ್ಜುವಂತಿಲ್ಲ, ದಪ್ಪ ಟವೆಲನ್ನು ಮಗುವಿಗೆ ಹೊದಿಸಿದ ಹಾಗೆ ಹಾಸಿ, ನೀರು ಹೀರಿದ ಮೇಲೆ ಎತ್ತಬೇಕು. ಬಾನೆಟ್ಟಿನ ಗೀರುಗಳನ್ನು ಅವಳು ಪೇಂಟರು ಕೊಟ್ಟ ಪಾಲಿಶ್ ಹಚ್ಚಿ ಕೈಯಲ್ಲೇ ತೆಗೆದಳು. ಅಂಗೈಯಗಲದ ಜಾಗವನ್ನು ಮುಗಿಸಿ, ನೋಡಿ, ಮುಂದಿನ ಅಂಗೈಯಗಲಕ್ಕೆ ಹೋಗುವುದು. ಅದಕ್ಕೆ ವಾರಗಳೇ ಹಿಡಿದವು. ಗೀರೆಲ್ಲ ಹೋದ ಮೇಲೆ ತೆಳುವಾಗಿ ಮೇಣ ಹಚ್ಚಿ ಉಜ್ಜಿದಾಗ ಕಾರಿನ ಮೈಯಲ್ಲಿ ಎದುರು ಮನೆಯ ಒಣಹಾಕಿದ ಬಟ್ಟೆಗಳು ಬಣ್ಣಬಣ್ಣವಾಗಿ ಕಂಡವು.

ಒಳಗಿನ ಕೆಲಸಕ್ಕೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಲ್ಲುಜ್ಜುವ ಬ್ರಶ್ಶು, ಹತ್ತಿ ಸುತ್ತಿದ ಕಡ್ಡಿ, ಪುಟ್ಟ ಟಾರ್ಚು, ಹಿಡಿಕೆಯ ತುದಿಯ ದುಂಡು ಕನ್ನಡಿ. ಸೀಟಿನ ಹಳಿಗಳ ನಡುವೆ ಕನ್ನಡಿ ಇಳಿಸಿ, ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕುವಾಗ ಅವಳು ಥೇಟ್ ಕ್ಲಿನಿಕ್ಕಿನ ಹಲ್ಲಕ್ಕನೇ.

ಕೊನೆಯ ಸರದಿ ಗಾಜಿನದು, ಅವಳ ದೊಡ್ಡ ಹೆಮ್ಮೆಯೂ ಅದೇ. ಹೊರಗಿನಿಂದ ಮೇಲೆ ಕೆಳಗೆ ಒರೆಸುವುದು, ಒಳಗಿನಿಂದ ಅಡ್ಡಡ್ಡ ಒರೆಸುವುದು. ಗೆರೆ ಏನಾದರೂ ಉಳಿದರೆ ಯಾವ ಬದಿಯದ್ದೆಂದು ಕೂಡಲೇ ತಿಳಿಯಬೇಕು. "ಗಾಜು ಇದೆ ಅಂತಾನೇ ಗೊತ್ತಾಗಬಾರದು," ಅನ್ನುತ್ತಿದ್ದಳು. ದೊಡ್ಡಪ್ಪನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ದಾರಿಯಲ್ಲಿ ಕಂಡ ಗೆಳೆಯನಿಗೆ ಕೈಬೀಸಲು ಹೋಗಿ ಗೆಣ್ಣು ಜಜ್ಜಿಕೊಂಡು ಬಂದರು.

ಹೊರಗಿನವರ ಕಾರು ಮೊದಲು ಬಂದದ್ದು ಪಕ್ಕದ ಕಟ್ಟಡದ ಟ್ಯಾಕ್ಸಿಯವನದು. ಯಾವುದೋ ಪ್ರಯಾಣಿಕರ ಕೂಸು ಹಿಂದಿನ ಸೀಟಿನಲ್ಲಿ ಕುಡಿದ ಹಾಲನ್ನೆಲ್ಲ ಕಕ್ಕಿತ್ತು. ಅವನು ಒರೆಸಿದ್ದ, ತೊಳೆದಿದ್ದ, ಸುವಾಸನೆಯ ಸೀಸೆಗಳನ್ನು ಸಾಲಾಗಿ ಇಟ್ಟಿದ್ದ. ಈಗ ಮಲ್ಲಿಗೆಯೂ ಹುಳಿಹಾಲೂ ಸೇರಿ ಮೊದಲಿಗಿಂತ ಕೆಟ್ಟ ನಾತ. ಹತ್ತಿದವರು ಮುಂದಿನ ತಿರುವಿನಲ್ಲೇ ಇಳಿದುಬಿಡುತ್ತಿದ್ದರು.

ಅವನು ಗೇಟಿನ ಹೊರಗೇ ನಿಂತ. "ಹಲ್ಲಕ್ಕ, ನಿಮ್ಮ ಮುಂದೆ ಆ ಬಾಗಿಲು ತೆಗೆಯಕ್ಕೇ ನಾಚಿಕೆ ಆಗ್ತಿದೆ."

ದೊಡ್ಡಮ್ಮ ತಾನೇ ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಉಸಿರೆಳೆದುಕೊಂಡಳು. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದಿದ್ದೆ. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಹಾಲು ಸ್ಪಂಜಿಗೆ ಇಳಿದಿದೆ. ಮೇಲೆ ಉಜ್ಜಿದ್ರೆ ಹೋಗಲ್ಲ, ಸೀಟು ಬಿಚ್ಚಬೇಕು. ಹೋಗತ್ತೆ ಬಿಡು, ಇದೇನು ಮಹಾ."

ಇಬ್ಬರೂ ಸೇರಿ ಸೀಟು ಕಳಚಿದರು. ಅದನ್ನು ತೊಳೆದು, ಹಿಂಡಿ, ಎರಡು ದಿನ ಗಾಳಿಗೆ ಆರಿಸಿ ಕೂರಿಸಿದ ಮೇಲೆ ಟ್ಯಾಕ್ಸಿಯವನು ತಾನೇ ಹಿಂದಿನ ಸೀಟಿನಲ್ಲಿ ಕೂತು ಬಹಳ ಹೊತ್ತು ಉಸಿರಾಡಿದ. ಅವನ ಕಣ್ಣು ತುಂಬಿತ್ತು.

ಅಷ್ಟು ನಾತಕ್ಕೂ ಮುಖ ಸಿಂಡರಿಸದೆ ಹೇಗಿದ್ದೆ ಎಂದು ಆಮೇಲೆ ಕೇಳಿದೆ.

"ಆ ಕುರ್ಚಿ ಮೇಲೆ ಮಲಗಿದವರಿಗೆ ಕಾಣೋದು ಎರಡೇ ಮುಖ," ಅಂದಳು. "ಡಾಕ್ಟರು ಹಲ್ಲು ನೋಡ್ತಿರ್ತಾರೆ. ಅದಕ್ಕೇ ಜನ ನನ್ನ ಮುಖಾನೇ ನೋಡ್ತಿದ್ರು, ಒಳಗೆ ಎಷ್ಟು ಹಾಳಾಗಿದೆ ಅಂತ ತಿಳ್ಕೊಳ್ಳಕ್ಕೆ. ನಾನು ಹುಬ್ಬು ಗಂಟಿಕ್ಕಿದ್ರೆ ಅವರು ಇನ್ನೊಂದು ಸಲ ಬರಲ್ಲ. ನೋವಿದ್ರೂ ಬರಲ್ಲ. ಮನೇಲೇ ದವಡೆ ಹಿಡ್ಕೊಂಡು ಕೂತಿರ್ತಾರೆ."

ನನ್ನ ಪಾಲಿಗೆ ದೊಡ್ಡಮ್ಮ ದೊಡ್ಡವಳಾದದ್ದು ಆ ಮಾತಿನಿಂದ. ಕಾರಿನ ಒಳಗು ಎಂದರೆ ಜನರ ಬದುಕಿನ ಬೇಡದ್ದೆಲ್ಲ ಬೀಳುವ ಜಾಗ. ಬಿಸ್ಕತ್ತಿನ ಪುಡಿ, ಜಗಳದಲ್ಲಿ ಎಸೆದ ಕಿವಿಯೋಲೆ, ಬಿಟ್ಟೆನೆಂದು ಆಣೆ ಮಾಡಿದವರ ಸಿಗರೇಟಿನ ತುಂಡು. ಇವೆಲ್ಲ ಅವಳ ಕೈಯಿಂದ ಹಾದುಹೋದವು, ಬಾಯಿಂದ ಒಂದೂ ಹೊರಬರಲಿಲ್ಲ. ಸಿಕ್ಕಿದ್ದನ್ನು ಒಂದು ಸ್ಟೀಲಿನ ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಕಾರಿನವರ ಕೈಗೇ ಕೊಡುತ್ತಿದ್ದಳು. ಒಮ್ಮೆ ಹಿಂದಿನ ಸೀಟಿನ ಸಂದಿಯಲ್ಲಿ ಪುಟ್ಟ ಬಿಳಿ ಚೂರೊಂದು ಸಿಕ್ಕಿತು. ನಾವು ಕಲ್ಲು ಅಂದುಕೊಂಡೆವು. ಅವಳು ಬೆಳಕಿಗೆ ಹಿಡಿದು, "ಹಾಲುಹಲ್ಲು, ಕೆಳಗಿನ ಸಾಲಿಂದು. ಹುಳುಕಿಲ್ಲ, ಜಾಣ ಮಗು," ಅಂದು ಹತ್ತಿಯಲ್ಲಿ ಸುತ್ತಿ ಕಳಿಸಿದಳು. ಎಲ್ಲಿ ಬಿತ್ತೆಂದು ಮನೆಯೆಲ್ಲ ಹುಡುಕಿ ಅತ್ತಿದ್ದ ಆ ಮಗುವಿನ ತಾಯಿ ಹಲ್ಲನ್ನು ಕಂಡು ನಕ್ಕದ್ದು ನಮ್ಮ ಮನೆಗೇ ಕೇಳಿಸಿತು.

ವಾರಕ್ಕೊಂದು ಕಾರು ಅಂತ ಅವಳೇ ನೇಮ ಹಾಕಿಕೊಂಡಳು. ಅಂಗಡಿ ತೆರೆಯಿರಿ ಎಂದವರಿಗೆ, "ನನಗೆ ಖುಷಿಗೆ ಮಾಡೋಕೆ ಬಿಡಿ," ಅಂದಳು. ಕಾರಿನವರು ಪಕ್ಕದಲ್ಲಿ ನಿಂತು ನೀರು ಹಿಡಿಯಬೇಕು, ಅಷ್ಟೇ ಕರಾರು.

ಹೀಗಿರುವಾಗ ಲೈಬ್ರರಿ ಮೇಡಂ ಬಂದರು.

ಲೈಬ್ರರಿ ಮೇಡಂ ನಮ್ಮ ಎದುರು ಸಾಲಿನ ಕೊನೆಯ ಮನೆಯವರು, ಊರಿನ ಗ್ರಂಥಾಲಯದಲ್ಲಿ ಕೆಲಸ. ಮಿತಭಾಷಿ. ಅವರ ಗಂಡ ಕಾಯಿಲೆಯಿಂದ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ದಿನವೂ ಬೆಳಗ್ಗೆ ಅವರನ್ನು ಕಾರಿನಲ್ಲಿ ಬಿಟ್ಟು ಸಂಜೆ ಕರೆತರುತ್ತಿದ್ದದ್ದು ಆ ಗಂಡನೇ. ಅಂದಿನಿಂದ ಕಾರು ಹೊದಿಕೆ ಹೊದ್ದು ನಿಂತಿತ್ತು.

"ಡ್ರೈವಿಂಗ್ ಕಲೀಬೇಕು ಅಂತಿದ್ದೀನಿ," ಅಂದರು ಮೇಡಂ, ಕೀ ಕೊಡುತ್ತ. "ಒಳಗೆ ಹೊರಗೆ ಎಲ್ಲ ಚೆನ್ನಾಗಿ ಮಾಡಿಬಿಡಿ ಅಕ್ಕ."

ಟ್ಯಾಕ್ಸಿಯವನು ಅದನ್ನು ನಮ್ಮ ಗೇಟಿನೆದುರಿಗೆ ತಂದು ನಿಲ್ಲಿಸಿದ. ದೊಡ್ಡಮ್ಮ ಆ ಕಾರಿಗೆ ತನ್ನ ಜೀವವನ್ನೇ ಹಾಕಿದಳು. ಹೊದಿಕೆಯಡಿ ಹಕ್ಕಿಯ ಗೂಡಿನ ಕಡ್ಡಿ, ಇಲಿ ಕಚ್ಚಿದ ಕಾಗದ, ಮ್ಯಾಟಿನ ಮೇಲೆ ಬೂಷ್ಟು. ಅಷ್ಟನ್ನೂ ತೆಗೆದಳು. ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿದಳು. ಕೊನೆಗೆ ಗಾಜು. ನೀರು ಹಿಡಿಯುವುದು ನನ್ನ ಪಾಲಿಗೆ ಬಂದಿತ್ತು, ಏಕೆಂದರೆ ಮೇಡಂ ಕೆಲಸಕ್ಕೆ ಹೋಗಿದ್ದರು. ಮುಂದಿನ ಗಾಜಿನ ಒಳಬದಿಯನ್ನು ಅವಳು ಅಡ್ಡಡ್ಡ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಹಿಂದೆ ಸರಿದು ನೋಡಿ, ತೃಪ್ತಿಯಿಂದ ತಲೆಯಾಡಿಸಿದ್ದು ನನಗೆ ನೆನಪಿದೆ.

ಸಂಜೆ ಮೇಡಂ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ತಾವು ಯಾವಾಗಲೂ ಕೂರುತ್ತಿದ್ದ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮುಂದಕ್ಕೆ ವಾಲಿ, ಡ್ರೈವರ್ ಸೀಟಿನ ಎದುರಿನ ಗಾಜಿಗೆ ಬಾಯಿಂದ ಹಾ ಎಂದು ಹಬೆ ಬಿಟ್ಟರು. ಗಾಜು ಮಂಜಾಗಿ ಮತ್ತೆ ತಿಳಿಯಾಯಿತು. ಇನ್ನೊಂದು ಕಡೆ ಹಬೆ ಬಿಟ್ಟರು.

ದೊಡ್ಡಮ್ಮ ಕಿಟಕಿಯ ಬಳಿ ಬಗ್ಗಿ ನಗುತ್ತ ಹೇಳಿದಳು: "ಎಷ್ಟು ಊದಿದ್ರೂ ಒಂದು ಕಲೆ ಸಿಗಲ್ಲ ಮೇಡಂ."

ಮೇಡಂ ಬಾಗಿಲು ತೆಗೆದು ಇಳಿದರು. ಅವರ ದನಿ ಏರಲಿಲ್ಲ, ಹಾಗಾಗಿಯೇ ಕೇಳುವುದು ಕಷ್ಟವಾಯಿತು.

"ಚಳಿ ದಿನದಲ್ಲಿ ನಾನು ಆಚೆ ಬರೋ ತನಕ ಅವರು ಲೈಬ್ರರಿ ಎದುರು ಕಾಯ್ತಿದ್ರು. ಗಾಜಿಗೆ ಹಬೆ ಕಟ್ಟಿರ್ತಿತ್ತು. ಅದರ ಮೇಲೆ ಬೆರಳಲ್ಲಿ ನನ್ನ ಮುಖ ಬರೀತಿದ್ರು. ದೊಡ್ಡ ಕನ್ನಡಕ, ಸಣ್ಣ ಮೂಗು. ಹಬೆ ಹೋದ್ಮೇಲೆ ಏನೂ ಕಾಣಲ್ಲ, ಮತ್ತೆ ಕಟ್ಟಿದಾಗ ಅದೇ ಗೆರೆ ಎದ್ದು ಬರ್ತಿತ್ತು. ಅವರು ಹೋದ್ಮೇಲೂ ಬರ್ತಿತ್ತು. ನಾನು ಆಗಾಗ ಹೊದಿಕೆ ಸರಿಸಿ, ಒಳಗೆ ಕೂತು ನೋಡ್ತಿದ್ದೆ."

ದೊಡ್ಡಮ್ಮನ ಕೈಯಲ್ಲಿ ಇನ್ನೂ ಆ ಒಣಬಟ್ಟೆ ಇತ್ತು.

"ನಾನು ಹೇಳ್ಬೇಕಿತ್ತು," ಅಂದರು ಮೇಡಂ. "ಗಾಜಿನ ಒಳಗಡೇನೂ ಒರೆಸ್ತಾರೆ ಅಂತ ಹೊಳೀಲೇ ಇಲ್ಲ." ಕೀ ತೆಗೆದುಕೊಂಡು ಮನೆಯ ಕಡೆ ನಡೆದರು. ಕಾರು ನಮ್ಮ ಗೇಟಿನೆದುರೇ ಉಳಿಯಿತು. ಅದನ್ನು ಟ್ಯಾಕ್ಸಿಯವನು ಆಮೇಲೆ ಕೀ ತಂದು ಅವರ ಮನೆಗೆ ಸೇರಿಸಿದ.

ಅವತ್ತಿನಿಂದ ದೊಡ್ಡಮ್ಮ ಬಕೆಟ್ಟು ಮುಟ್ಟಲಿಲ್ಲ. ಬಂದ ಕಾರಿನವರಿಗೆ ಬೆನ್ನುನೋವು ಅಂದಳು. ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇರುತ್ತಿದ್ದಳು. ನನ್ನ ಅಮ್ಮ ಪಕ್ಕ ಕೂತು, "ಅಕ್ಕಾ, ನೀನು ಬೇಕಂತ ಮಾಡಿದ್ದಲ್ವಲ್ಲ," ಎಂದು ಸಮಾಧಾನ ಹೇಳಿದರೆ, "ಹಲ್ಲು ಕೀಳೋ ಮುಂಚೆ ಯಾವ ಹಲ್ಲು ಅಂತ ಕೇಳ್ತಾರೆ ಕಣೆ. ನಾನು ಕೇಳ್ಲಿಲ್ಲ," ಅಂದಳು.

ದೊಡ್ಡಪ್ಪ ಒಂದು ದಿನ ಕಾರು ತೆಗೆದುಕೊಂಡು ಹೋದವರು, ಕೆರೆಯ ಹಿಂದಿನ ಕೆಸರುದಾರಿಯಲ್ಲಿ ಬೇಕೆಂದೇ ಹೋಗಿ ಬಂದರು. ಕಿಟಕಿಯ ತನಕ ಕೆಸರು. ಅಂಗಳದಲ್ಲಿ ನಿಲ್ಲಿಸಿ, ಕೆಮ್ಮಿ, "ರಸ್ತೆ ಕೆಟ್ಟಿತ್ತು," ಅಂದರು. ದೊಡ್ಡಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಆ ಮನುಷ್ಯ ಮರುದಿನವೂ ಹೋಗಿ ಬಂದರು. ಮೂರನೆಯ ಸಲ ಕಾರು ಹೂತುಕೊಂಡು, ಟ್ಯಾಕ್ಸಿಯವನು ಹಗ್ಗ ಕಟ್ಟಿ ಎಳೆಯಬೇಕಾಯಿತು. ದೊಡ್ಡಪ್ಪ ಮೊಣಕಾಲಿನ ತನಕ ಕೆಸರಾಗಿ, ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನೊಳಗೆ ಬಂದಾಗ ದೊಡ್ಡಮ್ಮ ಬಹಳ ದಿನಗಳ ಮೇಲೆ ನಕ್ಕಳು, ನಗುತ್ತಲೇ ಅತ್ತಳು.

"ಸಾಕು. ಇನ್ನು ಕಾರಿಗೆ ಹಿಂಸೆ ಕೊಡಬೇಡಿ," ಅಂದಳು. ಮುಖ ತೊಳೆದು, ತಲೆ ಬಾಚಿಕೊಂಡು ಮೇಡಂ ಮನೆಗೆ ಹೊರಟಳು. ನನ್ನನ್ನೂ ಕರೆದಳು, ಒಬ್ಬಳೇ ಹೋಗಲು ಕಾಲು ಬರಲಿಲ್ಲವೇನೋ.

ಮೇಡಂ ಬಾಗಿಲು ತೆರೆದರು. ದೊಡ್ಡಮ್ಮ ಒಳಗೆ ಹೋಗುವ ಮುಂಚೆಯೇ ಹೇಳಿದಳು: "ತಪ್ಪಾಯ್ತು ಅಂತ ಹೇಳಕ್ಕೆ ಬಂದೆ. ಅವತ್ತು ಬಾಯಿ ಬರಲಿಲ್ಲ."

ಮೇಡಂ ಬಾಗಿಲನ್ನು ಇನ್ನಷ್ಟು ತೆರೆದರು. "ಪರವಾಗಿಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ ಅಕ್ಕ. ಸಿಟ್ಟು ಬಂದಿದೆ. ನಿಮ್ಮ ಮೇಲೆ ಬರಬಾರದು ಅಂತ ಗೊತ್ತು, ಆದ್ರೂ ಬಂದಿದೆ. ಹೋಗೋಕೆ ದಿನ ಬೇಕು."

"ಎಷ್ಟು ದಿನ ಬೇಕೋ ಇಟ್ಕೊಳ್ಳಿ. ಆದ್ರೆ ಒಬ್ಬರೇ ಕೂತು ಇಟ್ಕೋಬೇಡಿ. ದಿನಾ ಸಂಜೆ ಬರ್ತೀನಿ, ನನ್ನ ಮುಂದೆ ಸಿಟ್ಟು ಮಾಡ್ಕೊಳ್ಳಿ. ನಂಗೆ ಅಭ್ಯಾಸ ಇದೆ. ನೋವಿದ್ದವರು ನನ್ನ ಬೆರಳು ಕಚ್ಚಿದ್ದೂ ಇದೆ."

ಹೇಳಿದ ಹಾಗೆಯೇ ಹೋದಳು. ಮೊದಮೊದಲು ಇಬ್ಬರ ನಡುವೆ ಎರಡು ಲೋಟ ಕಾಫಿ ಬಿಟ್ಟರೆ ಮಾತಿಲ್ಲ. ಮೇಡಂ ಓದುತ್ತಿದ್ದರು, ದೊಡ್ಡಮ್ಮ ಕೂತಿರುತ್ತಿದ್ದಳು. ಒಂದು ಸಂಜೆ ಮೇಡಂ ಸಿಟ್ಟಿನಿಂದಲೇ ಗಂಡನ ಸುದ್ದಿ ತೆಗೆದರು. ಅವರು ಹಾಡಿಕೊಂಡು ಕಾರು ಓಡಿಸುತ್ತಿದ್ದದ್ದು, ದಾರಿ ತಪ್ಪಿದರೂ ಯಾರನ್ನೂ ಕೇಳದೆ ಊರೆಲ್ಲ ಸುತ್ತಿಸುತ್ತಿದ್ದದ್ದು. ಆಮೇಲೆ ದಿನವೂ ಒಂದೊಂದು ಬಂತು. ಗಂಡ ಹೋದ ಮೇಲೆ ಮೇಡಂ ಅವರ ಬಗ್ಗೆ ಯಾರ ಹತ್ತಿರವೂ ಅಷ್ಟು ಮಾತಾಡಿರಲಿಲ್ಲವಂತೆ. ಸಿಟ್ಟು ಯಾವ ದಿನ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ದೊಡ್ಡಮ್ಮ ಮಾತ್ರ ಹೋಗುವುದನ್ನು ಬಿಡಲಿಲ್ಲ.

ಡ್ರೈವಿಂಗ್ ಕಲಿಸುವವನು ಬರಲು ಶುರುವಾದಾಗ ಮೇಡಂ, "ಹಿಂದೆ ಕೂತ್ಕೊಳ್ಳಿ ಅಕ್ಕ, ಧೈರ್ಯಕ್ಕೆ," ಅಂದರು. ದೊಡ್ಡಮ್ಮ ಕೂತಳು. ಮೊದಲ ದಿನ ಬ್ರೇಕು ಹಾಕಿದ ರಭಸಕ್ಕೆ ಅವಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಮನೆಗೆ ಬಂದು ಹಣೆ ನೀವಿಕೊಳ್ಳುತ್ತ, "ಚೆನ್ನಾಗಿ ಕಲೀತಿದ್ದಾರೆ," ಅಂದಳು. ದೊಡ್ಡಪ್ಪ ಊತವನ್ನು ನೋಡಿ, "ಯಾರು?" ಎಂದು ಕೇಳಿದರು.

ಬಕೆಟ್ಟುಗಳು ಮತ್ತೆ ಅಂಗಳಕ್ಕೆ ಬಂದವು. ಬದಲಾದದ್ದು ಒಂದೇ. ಈಗ ಯಾವ ಕಾರು ಬಂದರೂ ದೊಡ್ಡಮ್ಮ ನೀರು ಮುಟ್ಟುವ ಮೊದಲು ಕಾರಿನವರ ಜೊತೆ ಅದರ ಸುತ್ತ ನಡೆಯುತ್ತಾಳೆ, ಬಾಗಿಲುಗಳನ್ನೆಲ್ಲ ತೆರೆಸುತ್ತಾಳೆ. "ಇದರಲ್ಲಿ ಹೋಗಬಾರದ್ದು ಏನಿದೆ?" ಎಂದು ಕೇಳುತ್ತಾಳೆ. ಹೆಚ್ಚಿನವರು ನಗುತ್ತಾರೆ, ಎಲ್ಲ ಹೋಗಲಿ ಅಕ್ಕ ಅನ್ನುತ್ತಾರೆ. ಅವಳು ಅವಸರ ಮಾಡುವುದಿಲ್ಲ, ಕಾಯುತ್ತಾಳೆ. ಸ್ವಲ್ಪ ತಡೆದು ಒಬ್ಬೊಬ್ಬರಿಗೆ ನೆನಪಾಗುತ್ತದೆ. ಬೇಕರಿಯವನು ಸೀಟಿನ ಬೆನ್ನಿನ ಮೇಲಿದ್ದ ಪುಟ್ಟ ಶೂ ಗುರುತನ್ನು ತೋರಿಸಿ ಇದೊಂದು ಇರಲಿ ಅಂದ. ಅವನ ಮಗಳು ಈಗ ಅವನಿಗಿಂತ ಎತ್ತರ. ಗ್ಯಾರೇಜಿನ ಪೇಂಟರ್ ತನ್ನ ಸ್ವಂತ ಕಾರನ್ನೇ ತಂದು, ಬಾಗಿಲಿನ ಒಂದು ತಗ್ಗನ್ನು ತೋರಿಸಿದ. ಹೆಂಡತಿ ಮೊದಲ ಸಲ ಓಡಿಸಿದಾಗ ಆದದ್ದಂತೆ. ಊರಿನ ತಗ್ಗುಗಳನ್ನೆಲ್ಲ ಸರಿಮಾಡುವವನು ಅದನ್ನು ಮಾತ್ರ ಹಾಗೇ ಬಿಟ್ಟುಕೊಂಡಿದ್ದ. ಅಂಥ ಜಾಗದ ಸುತ್ತ ದೊಡ್ಡಮ್ಮ ಕಾಗದದ ಟೇಪು ಅಂಟಿಸಿ, ಅದರ ಅಂಚಿನ ತನಕ ಮಾತ್ರ ಕೆಲಸ ಮಾಡುತ್ತಾಳೆ.

ಈಗ ಅವಳಿಗೆ ಎಪ್ಪತ್ತು ದಾಟಿದೆ. ಬಗ್ಗಿ ಚಕ್ರ ಉಜ್ಜುವುದನ್ನು ಬೀದಿಯವರು ತಾವೇ ವಹಿಸಿಕೊಂಡಿದ್ದಾರೆ. ಅವಳು ಸ್ಟೂಲಿನ ಮೇಲೆ ಕೂತು ಒಳಗಿನ ಕೆಲಸ ನೋಡಿಕೊಳ್ಳುತ್ತಾಳೆ.

ಮೇಡಂ ತಮ್ಮ ಕಾರನ್ನು ತಾವೇ ತೊಳೆಯಲು ಕಲಿತಿದ್ದಾರೆ. ಕಳೆದ ಭಾನುವಾರ ಅವರು ತಂಗಿಯ ಊರಿಗೆ ಒಬ್ಬರೇ ಹೋಗಿ ಬಂದ ಕಾರನ್ನು ನಮ್ಮ ಅಂಗಳಕ್ಕೇ ತಂದಿದ್ದರು. ಮುಂದಿನ ಗಾಜಿನ ತುಂಬ ಹುಳುಗಳು ಬಡಿದು ಒಣಗಿದ್ದವು. ದೊಡ್ಡಮ್ಮ ಸ್ಟೂಲನ್ನು ನೆರಳಿಗೆ ಎಳೆದುಕೊಂಡು, "ಒದ್ದೆ ಬಟ್ಟೆ ಹಾಸಿ ಸ್ವಲ್ಪ ನೆನೆಯಕ್ಕೆ ಬಿಡಿ. ಅಷ್ಟರಲ್ಲಿ ದಾರೀಲಿ ಏನೇನಾಯ್ತು ಹೇಳಿ," ಅಂದಳು.

ಮೇಡಂ ಬಟ್ಟೆ ಹಾಸಿ, ಕೈ ಒರೆಸಿಕೊಂಡು ಶುರುಮಾಡಿದರು. ಬಟ್ಟೆ ಒಣಗಿತು, ಮತ್ತೆ ಒದ್ದೆ ಮಾಡಿದರು, ಅದೂ ಒಣಗಿತು. ದೊಡ್ಡಪ್ಪ ಎರಡು ಸಲ ಬಾಗಿಲಿಗೆ ಬಂದು ಇಣುಕಿ, ಊಟ ತಾವೇ ಬಡಿಸಿಕೊಂಡು ತಿಂದರು.